ಆರ್ಗನ್ ಕೋಣೆಯ ಸೊಸೆ

ಜ್ವಾಲಾಮಾಲಿನಿಯನ್ನು ಆರ್ಗನ್ ಕೋಣೆಗೆ ಹಾಕಿದ್ದು ಅವಳ ಗಂಡ ದೇವಕುಮಾರ ತೀರಿಕೊಂಡ ನಲವತ್ತನೆಯ ದಿನ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಹೊಸನಗರದಲ್ಲಿ ಶಾಲೆಯ ಮೇಷ್ಟರಾಗಿದ್ದ ತಂದೆ ಹಿಂದಿನ ವರ್ಷವೇ ಹೋಗಿದ್ದರು. ತಾಯಿಯ ಮುಖ ಅವಳು ಕಂಡಿರಲಿಲ್ಲ. ತವರು ಅಂತ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

ಆ ಮನೆ ತೀರ್ಥಹಳ್ಳಿಯಲ್ಲಿ, ತುಂಗೆಯಿಂದ ಮೇಲಕ್ಕೆ ಹತ್ತಿದರೆ ಸಿಗುವ ದಿಣ್ಣೆಯ ಮೇಲಿತ್ತು. ಮೊದಲು ಅದು ಜರ್ಮನಿಯ ಪಾದ್ರಿಯೊಬ್ಬನ ಬಂಗಲೆ. ಹಿಂಬದಿಯಲ್ಲಿ ಅವನು ಒಂದು ಪ್ರಾರ್ಥನೆಯ ಕೋಣೆ ಕಟ್ಟಿಸಿ, ಗೋಡೆಗೆ ಒತ್ತಿದಂತೆ ಚರ್ಚುಗಳಲ್ಲಿ ನುಡಿಸುವ ದೊಡ್ಡ ಆರ್ಗನ್ ವಾದ್ಯ ನಿಲ್ಲಿಸಿದ್ದ. ಅದರ ಭಾಗಗಳು ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಹದಿನಾಲ್ಕು ಗಾಡಿಗಳಲ್ಲಿ ಆಗುಂಬೆ ಘಾಟಿ ಹತ್ತಿದ್ದವಂತೆ. ಮೊದಲ ಮಹಾಯುದ್ಧ ಶುರುವಾದ ವರ್ಷ, ಶತ್ರುದೇಶದವನೆಂದು ಪೊಲೀಸರು ಪಾದ್ರಿಯನ್ನು ಕರೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಏಳು ವರ್ಷ ಬೀಗ ಬಿದ್ದಿದ್ದ ಬಂಗಲೆಯನ್ನು ಹರಾಜಿನಲ್ಲಿ ಕೊಂಡವರು ದೇವಕುಮಾರನ ಅಣ್ಣ ಚಂದ್ರನಾಥಯ್ಯ. ಏಲಕ್ಕಿ, ಕಾಳುಮೆಣಸಿನ ವ್ಯಾಪಾರಿ. ಮುಂದಿನ ಹಜಾರವನ್ನು ಅವರು ಮಂಡಿ ಮಾಡಿಕೊಂಡರು. ಆರ್ಗನ್ ಮಾತ್ರ ಅಲ್ಲೇ ಉಳಿಯಿತು. ಅದನ್ನು ಕೀಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದು ತೆರೆಯುವುದು ಮಂಡಿಗೆ. ವ್ಯಾಪಾರಕ್ಕೆ ಬಂದವರ ಕಣ್ಣಿಗೆ ವಿಧವೆ ಬೀಳಬಾರದು ಎಂದು ಚಂದ್ರನಾಥಯ್ಯ ಕಟ್ಟುಮಾಡಿದರು. ಅವರು ಕೂಗಾಡುವ ಮನುಷ್ಯರಲ್ಲ. "ಅವ್ಳಿಗೂ ನೆಮ್ಮದಿ, ನಮ್ಗೂ ನೆಮ್ಮದಿ" ಎಂದು ತಾಯಿಗೆ ಹೇಳಿದರು, ಅಷ್ಟೆ. ಹಾಗಾಗಿ ಮಾಲಿನಿ ಬೆಳಿಗ್ಗೆ ಜನ ಬರುವ ಮೊದಲು ಸ್ನಾನ, ಪೂಜೆ ಮುಗಿಸಿ ಒಳಗೆ ಸೇರಬೇಕು. ಮಂಡಿ ಮುಚ್ಚಿದ ಮೇಲೆ ಹೊರಗೆ ಬರಬೇಕು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದ್ದರಿಂದ ಸಂಜೆಯ ಊಟವೂ ಕೋಣೆಗೇ ಬರುತ್ತಿತ್ತು. ಚಿಲಕ ಇದ್ದದ್ದು ಹೊರಗಡೆ. ಅದನ್ನು ಹಾಕುವವರೂ ತೆಗೆಯುವವರೂ ಅತ್ತೆ ಜಿನಮ್ಮ.

ಕಿಟಕಿಗಳು ಎರಡಾಳೆತ್ತರದಲ್ಲಿದ್ದವು. ಬೆಳಕು ಬರುತ್ತಿತ್ತು, ಹೊರಗಿನದೇನೂ ಕಾಣುತ್ತಿರಲಿಲ್ಲ. ಮೊದಲ ವರ್ಷ ಮಾಲಿನಿ ಆರ್ಗನ್ನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೆನ್ನು ಕೊಟ್ಟು ಕೂರುತ್ತಿದ್ದಳು. ಗೋಡೆಯಾಚೆ ತಕ್ಕಡಿಯ ಸರಪಳಿ ಸದ್ದು, ಗಂಡಸರ ನಗು, ಚೀಲ ಎತ್ತಿ ಹಾಕುವ ಸದ್ದು ಕೇಳಿಸಿಕೊಂಡು ಈಗ ಗಂಟೆ ಎಷ್ಟಿರಬಹುದೆಂದು ಊಹಿಸುತ್ತಿದ್ದಳು. ಒಂದೊಂದು ದಿನ ಎದೆ ಬಿಗಿದು ಉಸಿರೇ ಸಾಲದಂತಾಗುತ್ತಿತ್ತು. ಆಗ ಎದ್ದು ಆ ಗೋಡೆಯಿಂದ ಈ ಗೋಡೆಗೆ ನಡೆಯುವಳು. ಹನ್ನೆರಡು ಹೆಜ್ಜೆ. ಆರ್ಗನ್ ಇದ್ದ ಕಡೆ ಎಂಟೇ.

ಅದರೊಳಗೆ ಇಲಿ ಸತ್ತು ವಾಸನೆ ಬಂದಿದ್ದೇ ನೆಪವಾಯಿತು. ಹಿಂಬದಿಯ ಹಲಗೆ ಕಳಚಿ ನೋಡಿದಳು. ಗೋಡೆಗೂ ವಾದ್ಯಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಸಂದಿಯಿತ್ತು. ಅಲ್ಲಿಂದ ಕಂಡದ್ದು ಒಂದು ಕಾಡು: ಸಾಲುಸಾಲು ಕೊಳವೆಗಳು. ಮರದ್ದು, ಸೀಸದ್ದು, ಆಳೆತ್ತರದ್ದು, ಕಿರುಬೆರಳಿನಷ್ಟರದ್ದು. ಕೆಳಗೆ ಮಂಚದಷ್ಟು ಅಗಲದ ತಿದಿ. ಕಮ್ಮಾರನ ತಿದಿಯ ಹಾಗೆಯೇ, ಆದರೆ ಅದರ ತೊಗಲೆಲ್ಲ ಪುಡಿಪುಡಿ.

ತಂದೆಯ ಮನೆಯಲ್ಲಿ ಕಾಲು ಹಾರ್ಮೋನಿಯಂ ಇತ್ತು. ಅದು ಕೆಟ್ಟಾಗಲೆಲ್ಲ ತಂದೆ ಬಿಚ್ಚಿ ಹರವಿಕೊಂಡು ಕೂತರೆ ಪಕ್ಕದಲ್ಲಿ ಕೂತು ಕಲಿತವಳು ಮಾಲಿನಿ. ಗಾಳಿ ಎಲ್ಲಿ ತುಂಬಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಇಷ್ಟೇ ಲೆಕ್ಕ ಎನ್ನುತ್ತಿದ್ದರು ತಂದೆ. ಇದರ ಲೆಕ್ಕವೂ ಅದೇ ಎಂದು ಆ ಸಂದಿಯಲ್ಲಿ ನಿಂತಾಗ ಅವಳಿಗೆ ತೋರಿತು. ಆಮೇಲೆ ಹಲಗೆಯ ಹಿಂದೆ ಪಾದ್ರಿಯ ಒಂದು ಪುಸ್ತಕ ಸಿಕ್ಕಿತು. ಅಕ್ಷರ ತಿಳಿಯಲಿಲ್ಲ, ಆದರೆ ಪುಟಪುಟಕ್ಕೂ ಕೈಯಿಂದ ಬರೆದ ಚಿತ್ರಗಳಿದ್ದವು. ಅದೇ ಸಾಕಾಯಿತು.

ಇನ್ನೂರ ಎಂಟು ಕೊಳವೆಗಳಿರಬೇಕಾದ ಕಡೆ ನೂರ ಎಪ್ಪತ್ತೊಂದಿದ್ದವು. ಬೀಗ ಬಿದ್ದಿದ್ದ ಕಾಲದಲ್ಲಿ ಯಾರೋ ಸೀಸದ ಕೊಳವೆಗಳನ್ನು ಕದ್ದು ಕರಗಿಸಿ ಮೀನಿನ ಬಲೆಗೆ ಗುಂಡು ಮಾಡಿಕೊಂಡಿದ್ದರಂತೆ. ಇದನ್ನು ಹೇಳಿದವಳು ಮಂಡಿಯಲ್ಲಿ ಮೆಣಸು ಕೇರುತ್ತಿದ್ದ ಬೆಳ್ಳಮ್ಮ. ಕೋಣೆ ಗುಡಿಸಲು ವಾರಕ್ಕೊಮ್ಮೆ ಒಳಗೆ ಬರುತ್ತಿದ್ದವಳು ಅವಳೊಬ್ಬಳೇ.

"ಬೆಳ್ಳಮ್ಮ, ನಂಗೆ ವಾಟೆ ಬಿದಿರು ತಂದ್ಕೊಡ್ತೀಯಾ? ತೆಳೂದು, ಒಣಗಿದ್ದು."

"ವಾಟೆನಾ? ಎಂತಕ್ಕೆ ಅಮ್ಮಾ?"

"ಕೊಳಲು ಮಾಡಕ್ಕೆ."

ಬೆಳ್ಳಮ್ಮ ಅವಳ ಮುಖ ನೋಡಿದಳು. ಪಾಪ, ತಲೆ ಕೆಟ್ಟಿರಬೇಕು ಎಂದುಕೊಂಡಳೋ ಏನೋ. ಆದರೂ ಮುಂದಿನ ವಾರದಿಂದ ಪೊರಕೆಯ ಜೊತೆಗೆ ಎರಡು ಮೂರು ಗಣೆ ಸೇರಿಸಿಕೊಂಡೇ ಬಂದಳು.

ಮಂಡಿಯಲ್ಲಿ ಚೀಲ ಬೀಳುವ ಹೊತ್ತು ನೋಡಿಕೊಂಡು ಮಾಲಿನಿ ಕೊಯ್ಯುವಳು, ಉಜ್ಜುವಳು, ಬಾಯಿಂದ ಮೆಲ್ಲಗೆ ಊದಿ ನೋಡುವಳು. ಗಾತ್ರ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸ್ವರ ಒಡೆಯುತ್ತಿತ್ತು. ಹತ್ತು ಕೊಯ್ದರೆ ಒಂದು ನಿಲ್ಲುತ್ತಿತ್ತು. ಒಂದು ಸ್ವರ ಸರಿಯಾದ ದಿನ ಅವಳಿಗೆ ಹಸಿವಾಗುತ್ತಿತ್ತು. ಉಳಿದ ದಿನ ಊಟ ಸೇರುತ್ತಿರಲಿಲ್ಲ. ಹೀಗೆ ಎರಡು ವರ್ಷ ಹೋಯಿತು.

ಒಂದು ಮಧ್ಯಾಹ್ನ ಜಿನಮ್ಮ ಮಜ್ಜಿಗೆ ತಂದು ಚಿಲಕ ತೆಗೆದಾಗ ಕಂಡದ್ದು ವಾದ್ಯದ ಕೆಳಗಿನಿಂದ ಚಾಚಿದ್ದ ಸೊಸೆಯ ಎರಡು ಪಾದ.

"ಅಯ್ಯೋ, ಎಂತದೇ ಇದು! ಏನಾಯ್ತೇ ನಿಂಗೆ?"

ಮಾಲಿನಿ ತೆವಳಿಕೊಂಡು ಹೊರಬಂದಳು. ತಲೆತುಂಬ ಜೇಡರಬಲೆ. "ಏನಿಲ್ಲ ಅತ್ತೆಮ್ಮ. ಗಾಳಿ ಎಲ್ಲಿ ಸೋರತ್ತೆ ನೋಡ್ತಿದ್ದೆ."

ಜಿನಮ್ಮ ಬಾಗಿಲು ಒತ್ತಿಕೊಂಡರು. ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದ ಬಿದಿರಿನ ಕೊಳವೆಗಳನ್ನು ನೋಡಿದರು. ಒಂದನ್ನು ಎತ್ತಿ ಕಣ್ಣಿಗೆ ಹಿಡಿದರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು.

"ಇದನ್ನೆಲ್ಲ ನೀನೇ ಮಾಡಿದ್ದಾ?"

"ಹೂಂ."

"ಚಂದ್ರುಗೆ ಗೊತ್ತಾದ್ರೆ ಏನು ಹೇಳ್ತೀಯ?"

ಮಾಲಿನಿ ತಲೆಯ ಜೇಡರಬಲೆ ಕೊಡವಿಕೊಂಡಳು. ಬೈಗುಳ ಬರುತ್ತದೆಂದು ಕಾದಳು. ಜಿನಮ್ಮ ಕೊಳವೆಯನ್ನು ಇದ್ದಲ್ಲಿಯೇ ಇಟ್ಟು ಕೂತರು.

"ನಾನು ವಿಧವೆಯಾಗಿ ಮೂವತ್ತೆರಡು ವರ್ಷ. ನಿಮ್ಮಾವ ಹೋದಾಗ ನನ್ನನ್ನೂ ಒಂದು ಕೋಣೇಲಿ ಕೂರ್ಸಿದ್ರು. ಆ ಕೋಣೇಲಿ ಒಂದು ಒರಳು ಕಲ್ಲು ಬಿಟ್ರೆ ಎಂತದೂ ಇರ್ಲಿಲ್ಲ ಮಾರಾಯ್ತಿ." ಲೋಟ ಸೊಸೆಯ ಕಡೆ ಸರಿಸಿ, "ಮಜ್ಜಿಗೆ ಕುಡಿ" ಎಂದು ಎದ್ದು ಹೋದರು. ಚಿಲಕ ಎಂದಿನಂತೆಯೇ ಬಿತ್ತು.

ಕೊಳವೆಗಳು ಮುಗಿದ ಮೇಲೆ ತಿದಿಯ ಕಷ್ಟ ಎದುರಾಯಿತು. ಅದಕ್ಕೆ ಬೇಕಾದ್ದು ಮೃದುವಾದ ಕುರಿಯ ತೊಗಲು. ಅಂಟಿಸಲು ವಜ್ರದ ಗೋಂದು, ಅದೂ ಪ್ರಾಣಿಯ ಮೂಳೆ ಚರ್ಮ ಬೇಯಿಸಿ ತೆಗೆದದ್ದು. ಎರಡನ್ನೂ ಮಾಲಿನಿ ಮುಟ್ಟುವಂತಿರಲಿಲ್ಲ, ಮುಟ್ಟಲು ಮನಸ್ಸೂ ಇರಲಿಲ್ಲ. ಹಳೆಯ ತೊಗಲಿನ ಪುಡಿಯನ್ನು ಕಡ್ಡಿಯಿಂದ ಕೆರೆದು ತೆಗೆದ ದಿನ ಅವಳು ಉಪವಾಸ ಮಾಡಿದ್ದಳು. ಬಟ್ಟೆಗೆ ರಾಳ ಮೆತ್ತಿ ನೋಡಿದಳು. ಮಡಿಸಿದಲ್ಲೆಲ್ಲ ಬಿರುಕು ಬಿಟ್ಟಿತು. ನಾರುಬಟ್ಟೆಗೆ ಮೇಣ ಹಚ್ಚೋಣವೆಂದರೆ ಜೇನಿನ ಮೇಣವೂ ಆಗದು. ಏಳು ತಿಂಗಳು ಕೈಕಟ್ಟಿ ಕೂತಳು. ಮೊದಲ ವರ್ಷದ ಆ ಉಸಿರು ಕಟ್ಟುವಿಕೆ ಮತ್ತೆ ಶುರುವಾಯಿತು. ಇಷ್ಟು ಮಾಡಿ ಇಲ್ಲಿ ನಿಲ್ಲುವುದಾದರೆ ಏನೂ ಮಾಡದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಗಾಳಿ ಹೋಗದ, ನೀರು ಇಳಿಯದ, ಮಡಿಸಿದರೆ ಒಡೆಯದ ಬಟ್ಟೆ ಆ ಮನೆಯಲ್ಲಿ ಒಂದೇ ಒಂದಿತ್ತು. ದೇವಕುಮಾರನ ರಬ್ಬರು ಮಳೆಕೋಟು. ಶಿವಮೊಗ್ಗದಲ್ಲಿ ಕೊಂಡದ್ದು. ಚಳಿಜ್ವರ ಬಂದು ಮಲಗುವ ಹಿಂದಿನ ದಿನವೂ ಅವನು ಅದನ್ನು ಹಾಕಿಕೊಂಡು ಮೇಗರವಳ್ಳಿಯಿಂದ ಬಂದಿದ್ದ. ಅದೀಗ ಜಿನಮ್ಮನ ಪೆಟ್ಟಿಗೆಯಲ್ಲಿತ್ತು. ಮಗನ ಬೇರೆ ಬಟ್ಟೆಗಳನ್ನೆಲ್ಲ ದಾನ ಕೊಟ್ಟರೂ ಅದೊಂದನ್ನು ಅವರು ಕೊಟ್ಟಿರಲಿಲ್ಲ.

ಮಾಲಿನಿ ಮೂರು ದಿನ ಮಾತು ನಾಲಿಗೆಗೆ ತಂದುಕೊಂಡು ನುಂಗಿದಳು. ನಾಲ್ಕನೆಯ ದಿನ ಹೇಳಿಯೇಬಿಟ್ಟಳು.

ಜಿನಮ್ಮನ ಮುಖ ಕಪ್ಪಾಯಿತು. "ಕತ್ತರಿಸ್ತೀಯಾ ಅದನ್ನ?"

"ಕತ್ತರಿಸ್ಲೇಬೇಕು ಅತ್ತೆಮ್ಮ."

"ನಾಚ್ಕೆ ಆಗಲ್ವೇನೆ ಕೇಳಕ್ಕೆ?"

ಒಂದು ವಾರ ಅವರು ಅನ್ನ ಇಟ್ಟು ಮಾತಾಡದೆ ಹೋದರು. ಎಂಟನೆಯ ದಿನ ಸೆರಗಿನೊಳಗೆ ಮಡಿಸಿ ಹಿಡಿದು ತಂದದ್ದನ್ನು ಸೊಸೆಯ ಮುಂದಿಟ್ಟರು. ಗುಂಡಿಗಳನ್ನು ಆಗಲೇ ಬಿಚ್ಚಿಟ್ಟುಕೊಂಡಿದ್ದರು. "ಪೆಟ್ಗೇಲಿ ಇಟ್ಟು ಯಾರಿಗೆ ಅಂತ ಕಾಯ್ಲಿ. ತಗಾ." ಅಷ್ಟು ಹೇಳಿ ಹೋಗಲಿಲ್ಲ. ಮೊದಲ ಕತ್ತರಿ ಬೀಳುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಬಟ್ಟೆ ಎಳೆದು ಹಿಡಿಯುವುದಕ್ಕೆ ಎರಡು ಕೈ ಸಾಲದೆಂದು ಕಂಡು ತಾವೂ ಒಂದು ತುದಿ ಹಿಡಿದರು.

ಹರಳೆಣ್ಣೆಯಲ್ಲಿ ರಾಳ ಕಾಯಿಸಿ, ಸಣ್ಣ ಮೊಳೆ ಹೊಡೆದು, ತಿದಿ ಮುಗಿಯುವಾಗ ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆ ಬಂದಿತ್ತು. ಆದರೆ ನುಡಿಸುವುದು ಹೇಗೆ? ತಿದಿಯ ಹಿಡಿ ಒಂದು ಪಕ್ಕದಲ್ಲಿ, ಬೆರಳಿನಿಂದ ಒತ್ತಿ ನುಡಿಸುವ ಮನೆಗಳು ಎದುರಿನಲ್ಲಿ. ಒಬ್ಬರು ಹಿಡಿ ಒತ್ತುತ್ತಲೇ ಇರಬೇಕು, ಇನ್ನೊಬ್ಬರು ನುಡಿಸಬೇಕು. ಒಂಟಿ ಮನುಷ್ಯನಿಗೆ ಒಗ್ಗುವ ವಾದ್ಯವೇ ಅಲ್ಲ ಅದು. ಐದು ವರ್ಷ ಅದರೊಳಗೇ ಬದುಕಿದ ಮಾಲಿನಿಗೆ ಇದು ಮೊದಲೇ ಗೊತ್ತಿತ್ತು. ಆದರೂ ಆ ಯೋಚನೆಯನ್ನು ಮುಂದಕ್ಕೆ ಹಾಕುತ್ತ ಬಂದಿದ್ದಳು.

ಒಂದು ದಿನ ಚಂದ್ರನಾಥಯ್ಯ ಉಳಿದ ಮನೆಮಂದಿಯನ್ನು ಕರೆದುಕೊಂಡು ಹೊಂಬುಜದ ಬಸದಿಗೆ ಹೋದರು. ಕಣ್ಣು ಮಂಜೆಂದು ಹೇಳಿ ಜಿನಮ್ಮ ಮನೆಯಲ್ಲೇ ಉಳಿದರು. ಮಂಡಿ ಮುಚ್ಚಿತ್ತು. ಜಿನಮ್ಮ ಚಿಲಕ ತೆಗೆದು ಒಳಗೆ ಬಂದವರು ಸೀರೆಯ ಸೆರಗು ಸಿಕ್ಕಿಸಿಕೊಂಡು ಹಿಡಿಯ ಹತ್ತಿರ ನಿಂತರು.

"ಒತ್ಲಾ?"

"ಮೆಲ್ಲಗೆ ಅತ್ತೆಮ್ಮ. ಮೊಸರು ಕಡ್ದಂಗೆ. ನಿಲ್ಲಿಸ್ಬಾರ್ದು."

ತಿದಿ ಒಂದು ಸಲ ನರಳಿ, ಮೇಲೆದ್ದು ನಿಂತಿತು. ಸೋರಲಿಲ್ಲ. ಮಾಲಿನಿ ಒಂದು ಮನೆ ಒತ್ತಿದಳು. ಸ್ವರ ಕೊಳವೆಯಿಂದ ಬಂದಂತೆ ಅನ್ನಿಸಲಿಲ್ಲ. ನೆಲದಿಂದ ಬಂತು, ಕಾಲಿನಿಂದ ಹತ್ತಿತು. ಕಿಟಕಿಯ ಗಾಜು ನಡುಗಿತು. ಅವಳು ಬೆರಳು ತೆಗೆಯುವುದನ್ನೇ ಮರೆತಳು. ಆಮೇಲೆ ತಂದೆ ಸಂಜೆ ಹಾಡುತ್ತಿದ್ದ ಒಂದು ಸ್ತುತಿಯ ಧಾಟಿಯನ್ನು ತಡವರಿಸುತ್ತ ನುಡಿಸಿದಳು. ಸೀಸದ ಕೊಳವೆಯ ಸ್ವರ ಗಡುಸು, ವಾಟೆಯದ್ದು ಮೃದು. ಎರಡೂ ಸೇರಿದಾಗ ಗಂಡಸರು ಹೆಂಗಸರು ಒಟ್ಟಿಗೆ ಹಾಡಿದಂತಿತ್ತು. ಜಿನಮ್ಮ ಬೆವರುತ್ತ, ಅಳುತ್ತ ಹಿಡಿ ಒತ್ತಿದರು. ನಿಲ್ಲಿಸೋಣವೆಂದು ಮಾಲಿನಿ ಎರಡು ಸಲ ಹೇಳಿದರೂ, "ನಡೀಲಿ, ನಡೀಲಿ" ಎಂದರು.

ಆ ಸದ್ದು ತುಂಗೆಯ ಆಚೆ ದಡಕ್ಕೂ ಕೇಳಿತು. ಚಂದ್ರನಾಥಯ್ಯ ಮರಳಿದಾಗ ಗಾಡಿ ಇಳಿಯುವ ಮೊದಲೇ ಸುದ್ದಿ ಸಿಕ್ಕಿತು. ನೇರವಾಗಿ ಕೋಣೆಗೆ ಬಂದು ವಾದ್ಯವನ್ನು ಸುತ್ತುಹಾಕಿ ನೋಡಿದರು. ಮಾಲಿನಿ ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಇದು ನುಡಿಯತ್ತಾ ಈಗ?" ತಾಯಿಯನ್ನು ಕೇಳಿದರು.

"ನುಡಿಯತ್ತೆ."

"ಒಳ್ಳೇದಾಯ್ತು."

ಅವರು ಬೈಯಲಿಲ್ಲ. ಮಂಗಳೂರಿಗೆ ಕಾಗದ ಬರೆದರು. ಅಲ್ಲಿನ ಒಂದು ಇಗರ್ಜಿಯವರಿಗೆ, ಅಂದರೆ ಚರ್ಚಿನವರಿಗೆ, ಇಂಥದೊಂದು ವಾದ್ಯ ಬೇಕಿತ್ತು. ಕೊಡುವುದು, ಕೊಳ್ಳುವುದು ನಿಶ್ಚಯವಾದದ್ದು ಮಾಲಿನಿಗೆ ತಿಳಿದದ್ದು ಬೆಳ್ಳಮ್ಮನಿಂದ. ಕೇಳಿದ ದಿನ ಅವಳು ಆ ಸಂದಿಯೊಳಗೆ ಹೋಗಿ ಕೂತವಳು ಸಂಜೆಯ ಊಟಕ್ಕೂ ಹೊರಬರಲಿಲ್ಲ. ವಾದ್ಯ ಹೊರಗೆ ಹೋಗುತ್ತದೆ, ಅವಳು ಇಲ್ಲೇ ಉಳಿಯುತ್ತಾಳೆ. ಇನ್ನು ಮುಂದೆ ಎಲ್ಲ ಕಡೆಗೂ ಹನ್ನೆರಡು ಹೆಜ್ಜೆ.

ಮುಂದಿನ ಬೇಸಿಗೆಯಲ್ಲಿ ಅದನ್ನು ಬಿಚ್ಚಿಕೊಂಡು ಹೋಗಲು ಸಾಲ್ವದೋರ ಎಂಬ ಮುದುಕ ಮಂಗಳೂರಿನಿಂದ ಬಂದ. ಇಗರ್ಜಿಗಳ ವಾದ್ಯ ರಿಪೇರಿ ಅವನ ಕಸುಬು. ಯಾವ ಕೊಳವೆ ಎಲ್ಲಿನದು ಎಂದು ತೋರಿಸುವವರು ಬೇಕೆಂದ. ಅದು ಗೊತ್ತಿದ್ದವಳು ಒಬ್ಬಳೇ. ಚಂದ್ರನಾಥಯ್ಯ ಯೋಚಿಸಿ ಒಂದು ದಾರಿ ಮಾಡಿದರು. ಮಾಲಿನಿ ಹಿಂಬದಿಯ ಸಂದಿಯಲ್ಲಿ ನಿಂತು ಕೊಳವೆಗಳನ್ನು ಒಂದೊಂದಾಗಿ ಹೊರಗೆ ಕೊಡಬೇಕು. ಎದುರಿಗೆ ಗೋಣಿತಾಟಿನ ಪರದೆ. "ಒಳಗಿರೋದು ನಮ್ಮ ಕೆಲಸದೋಳು. ಮೂಗಿ. ಕೇಳತ್ತೆ, ಮಾತು ಬರಲ್ಲ" ಎಂದು ಸಾಲ್ವದೋರನಿಗೆ ಹೇಳಿದರು. ಅದನ್ನು ಹೇಳುವಾಗ ಮಾಲಿನಿ ಪರದೆಯ ಆಚೆಯೇ ನಿಂತಿದ್ದಳು.

ಹನ್ನೊಂದು ದಿನ ಅವಳು ಆ ಕತ್ತಲೆಯಲ್ಲಿ ನಿಂತಳು. ಸಾಲ್ವದೋರ ಸಭ್ಯ ಮನುಷ್ಯ. "ಅಮ್ಮ, ಹೌದಾದರೆ ಒಂದು ಸಲ ಹಲಗೆ ಬಡಿಯಿರಿ, ಅಲ್ಲವಾದರೆ ಎರಡು ಸಲ" ಎಂದ. ಬಿದಿರಿನ ಮೊದಲ ಕೊಳವೆ ಕೈಗೆ ಬಂದಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದ, ಊದಿದ, ಮತ್ತೆ ಊದಿದ. "ನಾನು ನಲವತ್ತು ವರ್ಷ ಈ ಕೆಲಸ ಮಾಡಿದವ. ಇಂಥದ್ದು ನೋಡಿದ್ದಿಲ್ಲ" ಎಂದು ಕೊಂಕಣಿಯಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ತನಗೆ ತಾನೇ ಹೇಳಿಕೊಂಡ.

ಎಂಟನೆಯ ದಿನ ತಿದಿ ಹೊರಬಂತು. ಅವನು ಅದರ ಮಡಿಕೆಗಳನ್ನು ಬೆರಳಿನಿಂದ ಸವರಿ ನೋಡಿದ.

"ಇದು ಎಂಥ ಬಟ್ಟೆ? ಎಲ್ಲಿ ಸಿಕ್ಕಿತು ಇದು?"

"ನಮ್ಮನೆಯವ್ರ ಮಳೆಕೋಟು" ಎಂದಳು ಮಾಲಿನಿ.

ಮಾತು ಆಡಿದ್ದು ತಾನೆಂದು ಅವಳಿಗೆ ಆಮೇಲೆ ಹೊಳೆಯಿತು. ಬಾಯಿ ಮುಚ್ಚಿಕೊಂಡಳು. ಮಂಡಿಯಲ್ಲಿ ಚಂದ್ರನಾಥಯ್ಯ ಯಾರಿಗೋ ಧಾರಣೆ ಹೇಳುತ್ತಿದ್ದುದು ಕೇಳುತ್ತಿತ್ತು.

"ಅವರು ಈಗ ಇದ್ದಾರಾ?" ಸಾಲ್ವದೋರ ಪಿಸುಗುಟ್ಟಿದ.

ಮಾಲಿನಿ ಹಲಗೆಯ ಮೇಲೆ ಎರಡು ಸಲ ಬಡಿದಳು.

ಅವನು ಮುಂದೆ ಏನೂ ಕೇಳಲಿಲ್ಲ. ಆದರೆ ಕೆಲಸ ಮುಗಿದ ದಿನ ಮಂಡಿಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದ: "ಸ್ವಾಮಿ, ಬಿದಿರಿನ ಸ್ವರ ಕೂರಿಸುವುದು ನನಗೆ ಬರುವುದಿಲ್ಲ. ಆ ಕೆಲಸದವರು ಮಂಗಳೂರಿಗೆ ಬರಬೇಕು. ವಾದ್ಯ ನುಡಿಯದಿದ್ದರೆ ನಮ್ಮ ಪಾದ್ರಿಗಳು ಒಪ್ಪಿಕೊಳ್ಳುವುದಿಲ್ಲ, ಹಿಂದಕ್ಕೆ ಕಳಿಸುತ್ತಾರೆ."

"ಮನೆ ಹೆಣ್ಣಾಳನ್ನ ಘಟ್ಟದ ಕೆಳಗೆ ಕಳಿಸಕ್ಕಾಗತ್ತಾ?" ಎಂದರು ಚಂದ್ರನಾಥಯ್ಯ.

ಅಂದು ಸಂಜೆ ಊಟಕ್ಕೆ ಕೂತ ಮಗನ ಎದುರು ಜಿನಮ್ಮ ಬಂದು ನಿಂತರು. "ನಂಗೆ ಮೂಡುಬಿದಿರೆ ಬಸದಿಗೆ ಹೋಗ್ಬೇಕು ಚಂದ್ರು. ನಿಮ್ಮಪ್ಪ ಇದ್ದಾಗ ಹೊತ್ತ ಹರಕೆ. ಕಣ್ಣು ಪೂರ್ತಿ ಹೋಗೋ ಮೊದ್ಲು ತೀರಿಸ್ತೀನಿ."

"ಇಷ್ಟು ದಿನ ಹೇಳ್ಲೇ ಇಲ್ವಲ್ಲ ಅಮ್ಮ?"

"ಈಗ ಹೇಳ್ತಿದೀನಿ. ಮಾಲಿನಿ ಜೊತೇಲಿ ಬರ್ತಾಳೆ. ಕೈ ಹಿಡ್ಕೊಂಡು ನಡ್ಸೋರು ಬೇಕಲ್ಲ. ಮಂಗಳೂರಲ್ಲಿ ನಿನ್ನ ಕೆಲಸಾನೂ ಆಗತ್ತೆ."

ಚಂದ್ರನಾಥಯ್ಯ ಕಲಸಿದ ತುತ್ತನ್ನು ಎಲೆಗೇ ಬಿಟ್ಟರು. ಹರಕೆಗೆ ಬೇಡವೆನ್ನುವಂತಿರಲಿಲ್ಲ. ವಾದ್ಯ ವಾಪಸು ಬರುವುದೂ ಬೇಕಿರಲಿಲ್ಲ. "ಮಳೆ ಹಿಡಿಯೋದ್ರೊಳಗೆ ಬಂದ್ಬಿಡಿ" ಎಂದರು.

ಆಗುಂಬೆಯ ತಿರುವುಗಳಲ್ಲಿ ಮೋಟಾರು ಇಳಿಯುವಾಗ ಮಾಲಿನಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಅಷ್ಟು ದೂರದವರೆಗೆ ನೋಡುವ ಅಭ್ಯಾಸ ಅವಳ ಕಣ್ಣಿಗೆ ತಪ್ಪಿಹೋಗಿತ್ತು; ತಲೆ ಸುತ್ತುತ್ತಿತ್ತು. ಮಂಗಳೂರಿನ ಇಗರ್ಜಿಯಲ್ಲಿ ಇಪ್ಪತ್ತಮೂರು ದಿನ ಕೆಲಸ ನಡೆಯಿತು. ಇಲ್ಲಿ ಪರದೆಯಿರಲಿಲ್ಲ. ಆದರೂ ಮೊದಲೆರಡು ದಿನ ಅವಳು ಹಲಗೆ ಬಡಿದೇ ಉತ್ತರ ಹೇಳಿದಳು. ಸಾಲ್ವದೋರ ನಗಲಿಲ್ಲ, ಕಾದ. ಮೂರನೆಯ ದಿನ ಅವಳು ಬಾಯಿ ಬಿಟ್ಟು, "ಆ ಸ್ವರ ಇಳಿದಿದೆ, ಒಂದು ಕೂದಲಿನಷ್ಟು ಕೊಯ್ಯಿರಿ" ಎಂದಳು. ಕೊಯ್ದ. ಸರಿಹೋಯಿತು.

ಕೆಲಸ ಮುಗಿದ ಮೇಲೆ ಅತ್ತೆ ಸೊಸೆ ಮೂಡುಬಿದಿರೆಗೆ ಬಂದರು. ಬಸದಿ ಬೀದಿಯಲ್ಲಿ ಪುಷ್ಪಮ್ಮ ಎಂದು ಜಿನಮ್ಮನ ಚಿಕ್ಕಮ್ಮನ ಮಗಳಿದ್ದರು. ಅವರೂ ವಿಧವೆ. ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಓದುಬರಹ ಹೇಳಿಕೊಡುತ್ತಿದ್ದರು. ಅಲ್ಲಿ ಆರು ದಿನ ಇದ್ದರು. ಪಡುವಣದಲ್ಲಿ ಮೋಡ ಏರುತ್ತಿತ್ತು. ಏಳನೆಯ ದಿನ ಬೆಳಿಗ್ಗೆ ಜಿನಮ್ಮ ತಮ್ಮ ಗಂಟನ್ನು ಮಾತ್ರ ಕಟ್ಟಿದರು.

"ನಂದು?" ಎಂದಳು ಮಾಲಿನಿ.

"ನೀನು ಬರ್ಬೇಡ. ಚಾತುರ್ಮಾಸ್ಯದ ವ್ರತ ಹಿಡಿದಿದಾಳೆ, ನಾಲ್ಕು ತಿಂಗಳು ಊರು ಬಿಡಂಗಿಲ್ಲ ಅಂತ ಹೇಳ್ತೀನಿ. ಮಳೆ ಹಿಡಿದ್ರೆ ಘಾಟಿ ಇಳ್ದು ಯಾರು ಬರ್ತಾರೆ."

"ಆಮೇಲೆ?"

"ಆಮೇಲಿಂದು ಆಮೇಲೆ."

ಮಾಲಿನಿ ಅವರ ಕೈ ಹಿಡಿದುಕೊಂಡಳು. "ನೀವೂ ಇಲ್ಲೇ ಇದ್ಬಿಡಿ ಅತ್ತೆಮ್ಮ. ಅಲ್ಲಿ ಎಂತ ಇದೆ ನಿಮ್ಗೆ?"

"ಎಂತದೂ ಇಲ್ಲ. ಆದ್ರೆ ನಾನೂ ಇಲ್ಲೇ ಕೂತ್ರೆ, ಮಳೆ ಬಿಟ್ಟ ಮಾರನೇ ದಿನ ಇಬ್ರನ್ನೂ ಕರ್ಕೊಂಡು ಹೋಗ್ತಾನೆ. ನಾನು ಅಲ್ಲಿದ್ರೆ ಅಡ್ಡ ನಿಲ್ಬೋದು. ಬಿಡು ಕೈಯ, ಮೋಟಾರು ಹೊರಡತ್ತೆ."

ಮೋಟಾರು ಹತ್ತುವಾಗ ಮೆಟ್ಟಿಲು ಕಾಣದೆ ಅವರು ಮುಗ್ಗರಿಸಿದರು. ಯಾರೋ ಗಂಡಸರು ತೋಳು ಹಿಡಿದು ಹತ್ತಿಸಿದರು. ಕಿಟಕಿಯಲ್ಲಿ ಕೂತು ಸೊಸೆ ಎಲ್ಲಿದ್ದಾಳೆಂದು ಹುಡುಕಿದರು; ಬೇರೆಯ ಕಡೆಗೆ ನೋಡಿ ಕೈ ಬೀಸಿದರು.

ದೀಪಾವಳಿ ಕಳೆದ ಮೇಲೆ ಚಂದ್ರನಾಥಯ್ಯ ಬಂದರು. ಮಾಲಿನಿ ಪುಷ್ಪಮ್ಮನ ಅಂಗಳದಲ್ಲಿ, ಅವರ ಎದುರಿಗೇ ನಿಂತು ಮಾತಾಡಿದಳು. "ನಾನು ಬರಲ್ಲ ಭಾವಯ್ಯ" ಎಂದಳು. ಜಗಲಿಯಲ್ಲಿ ಹುಡುಗಿಯರು ಪಾಠ ನಿಲ್ಲಿಸಿ ನೋಡುತ್ತಿದ್ದರು. ಅವರೆದುರು ಕೂಗಾಡುವ ಮನುಷ್ಯರಲ್ಲ ಚಂದ್ರನಾಥಯ್ಯ. ಒಂದು ಲೋಟ ನೀರು ಕುಡಿದು ಹೊರಟುಹೋದರು.

ಮಾಲಿನಿ ಅಲ್ಲಿಯೇ ಉಳಿದಳು. ಹುಡುಗಿಯರಿಗೆ ಪಾಠ ಹೇಳಿದಳು, ಸುತ್ತಿನ ಊರುಗಳವರು ಹೊತ್ತು ತಂದ ಹಾರ್ಮೋನಿಯಂಗಳನ್ನು ರಿಪೇರಿ ಮಾಡಿಕೊಟ್ಟಳು. ಒಮ್ಮೊಮ್ಮೆ ಸಾಲ್ವದೋರ ಕಾಗದ ಬರೆದು ಬಿದಿರಿನ ಸ್ವರಗಳ ಕ್ಷೇಮ ತಿಳಿಸುತ್ತಿದ್ದ. ಬಾಗಿಲು ಹಾಕಿದ ಕೋಣೆಯಲ್ಲಿ ಅವಳಿಗೆ ಕೊನೆಯವರೆಗೂ ನಿದ್ದೆ ಬರುತ್ತಿರಲಿಲ್ಲ.

ಜಿನಮ್ಮ ಇನ್ನೂ ಮೂರು ವರ್ಷ ಬದುಕಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಕಾಗದ ಬರೆಯಲು ಬಾರದು, ಬರೆಸಲು ಹೇಳುವಂತೆಯೂ ಇರಲಿಲ್ಲ. ಘಾಟಿ ಹತ್ತಿ ಹೋದರೆ ತಿರುಗಿ ಇಳಿಯಲು ಬಿಡುವುದಿಲ್ಲವೆಂದು ಮಾಲಿನಿಗೆ ಗೊತ್ತಿತ್ತು. ಅವರು ತೀರಿಕೊಂಡ ಸುದ್ದಿ ಹದಿನೆಂಟು ದಿನ ತಡವಾಗಿ ಬಂತು. ಅಂದು ಅವಳು ಬಸದಿಗೆ ಹೋಗಿ ಸಂಜೆಯವರೆಗೆ ಕೂತಿದ್ದಳು. ಅತ್ತೆ ಸೊಸೆ ಮತ್ತೆ ಒಬ್ಬರನ್ನೊಬ್ಬರು ಕಂಡಿರಲಿಲ್ಲ.